ಚೆಲ್ಲಬೇಕೆಂದಿದ್ದ ಹಳದಿ ನೀರು: ಅರಿಸಿನ ಉಮ್ಮತ್ತಿಯ ಬೇರಿನ ಒಂದು ಪ್ರಕರಣ

“ಬೇರಿನಲ್ಲಿ ಬರ್ಬರೀನ್ ಕಂಡುಬಂದಿಲ್ಲ.”

ಎಂಎಸ್ಸಿ ಕೊನೆಯ ವರ್ಷದ ಒಬ್ಬ ಹುಡುಗಿ ತನ್ನ ಪ್ರಾಜೆಕ್ಟಿನ ಕರಡಿನಲ್ಲಿ ಬರೆದಿದ್ದ ಸಾಲು ಇದು. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆ ಪ್ರಾಜೆಕ್ಟಿಗೆ ಗೈಡ್ ಕೂಡ ನಾನೇ. ಓದುತ್ತಾ ಬಂದವನು ಆ ಸಾಲಿನ ಹತ್ತಿರ ನಿಂತೆ. ಅರಿಸಿನ ಉಮ್ಮತ್ತಿಯ ಬೇರಿನಲ್ಲಿ ಬರ್ಬರೀನ್ ಅನ್ನುವ ಹಳದಿ ಆಲ್ಕಲಾಯ್ಡ್ (ಗಿಡಗಳು ತಯಾರಿಸುವ, ನೈಟ್ರೋಜನ್ ಇರುವ ಒಂದು ಬಗೆಯ ವಸ್ತು) ಇರುತ್ತದೆ ಅನ್ನೋದು ಎಷ್ಟೋ ವರ್ಷಗಳಿಂದ ಗೊತ್ತಿರುವ ಸಂಗತಿ. ಬೇರು ಕುಯ್ದರೆ ಹಳದಿ ಕಣ್ಣಿಗೇ ಕಾಣುತ್ತದೆ. ಹಾಗಂತ ಹುಡುಗಿ ಕೆಲಸಗಳ್ಳಿ ಅಲ್ಲ. ಎರಡು ಸಲ ಮಾಡಿ, ಎರಡೂ ಸಲ ಸಿಗದೆ, ಕೊನೆಗೆ ಕಂಡದ್ದನ್ನೇ ಬರೆದಿದ್ದಳು.

ತಪ್ಪು ಎಲ್ಲಿತ್ತು ಅಂತ ಹುಡುಕಲು ನಮಗೆ ಮೂರು ವಾರ ಹಿಡಿಯಿತು. ನಮ್ಮ ಭಾಗದಲ್ಲಿ ಕಾಡುಗಿಡಗಳ ಮೇಲೆ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಗಿಡ

ಚಳಿ ಕಳೆಯುವ ಹೊತ್ತಿಗೆ ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟರೆ ಈ ಗಿಡ ಕಾಣದೆ ಇರುವುದಿಲ್ಲ. ರಸ್ತೆ ಅಂಚು, ಬೀಳು ಬಿದ್ದ ಹೊಲ, ತಿಪ್ಪೆಯ ಪಕ್ಕ, ಎಲ್ಲಿ ಬೇಕಾದರೂ ಏಳುತ್ತದೆ. ಮೊಣಕಾಲೆತ್ತರ. ಬೂದಿ ಬಳಿದಂಥ ಹಸಿರು ಎಲೆ, ನರದ ಉದ್ದಕ್ಕೂ ಬಿಳಿ ಪಟ್ಟೆ, ಅಂಚಿಗೆಲ್ಲ ಮುಳ್ಳು. ಆಡು ಕೂಡ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ತೆಳ್ಳಗಿನ ಹಳದಿ ಹೂವು. ಟೊಂಗೆ ಮುರಿದರೆ ಅರಿಸಿನ ಕಲಸಿದಂಥ ಹಾಲು ಒಸರುತ್ತದೆ. ಶಾಸ್ತ್ರದ ಹೆಸರು ಆರ್ಜಿಮೋನ್ ಮೆಕ್ಸಿಕಾನಾ. ಮೆಕ್ಸಿಕೋ ಕಡೆಯಿಂದ ಬಂದು ನಮ್ಮ ಮಣ್ಣಿಗೆ ಒಗ್ಗಿಹೋದ ಗಿಡ.

ಹೆಸರಿನಲ್ಲೇ ಒಂದು ಗೊಂದಲ ಇದೆ. ಇದನ್ನು ಅರಿಸಿನ ಉಮ್ಮತ್ತಿ ಅಂತಾರೆ, ದತ್ತೂರಿ ಅಂತಲೂ ಅಂತಾರೆ. ಹಾಗಾಗಿ ತುತ್ತೂರಿಯಂಥ ಹೂವಿನ ನಿಜವಾದ ಉಮ್ಮತ್ತಿಯ ಜೊತೆ ಇದನ್ನು ಸೇರಿಸಿಬಿಡುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಉಮ್ಮತ್ತಿ ಬದನೆಯ ಕುಟುಂಬದ್ದು, ಅದರಲ್ಲಿರುವುದು ಅಟ್ರೋಪಿನ್, ಸ್ಕೋಪೊಲಮಿನ್. ಇದು ಗಸಗಸೆಯ ಕುಟುಂಬದ್ದು. ನಾವು ಪಾಯಸಕ್ಕೆ ರುಬ್ಬುವ ಗಸಗಸೆ ಇದೆಯಲ್ಲ, ಅದು ಅಫೀಮಿನ ಗಿಡದ ಬೀಜ. ಆ ಗಿಡಕ್ಕೆ ನಮ್ಮ ಅರಿಸಿನ ಉಮ್ಮತ್ತಿ ದಾಯಾದಿ.

ಹುಡುಗಿಯ ಊರು ಗದಗ ತಾಲ್ಲೂಕಿನಲ್ಲಿದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಯವರೆಲ್ಲ ಹೊಲಕ್ಕೆ ಹೋದಾಗ ಅವಳು ಕೈಗೆ ದಪ್ಪ ಚೀಲ ಸುತ್ತಿಕೊಂಡು ಬದುವಿನ ಗಿಡಗಳನ್ನು ಬೇರು ಸಮೇತ ಕಿತ್ತು ತಂದಿದ್ದಳು. ಅಲ್ಲಿ ಅವಳ ಅಪ್ಪ ಕೇಳಿದ್ದರಂತೆ: “ಇದು ಅಫೀಮಿನ ಜಾತಿ ಅಂತೀಯಲ್ಲವಾ, ಪೊಲೀಸ್ರು ಬಂದ್ರ ಏನ್ ಮಾಡೂದು?”

ಕೇಳಬೇಕಾದ ಪ್ರಶ್ನೆಯೇ. ಅಫೀಮಿನ ಗಿಡವನ್ನು ಲೈಸೆನ್ಸ್ ಇಲ್ಲದೆ ಬೆಳೆಯುವುದು 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಅಪರಾಧ. ಅರಿಸಿನ ಉಮ್ಮತ್ತಿಗೆ ಆ ತೊಡಕಿಲ್ಲ, ಯಾಕಂದರೆ ಇದರಲ್ಲಿ ಮಾರ್ಫಿನ್ ಇಲ್ಲ. ಯಾಕಿಲ್ಲ ಅನ್ನೋದು ನನಗೆ ತುಂಬಾ ಇಷ್ಟವಾದ ಪಾಠ. ಎರಡೂ ಗಿಡ ಟೈರೋಸಿನ್ ಅನ್ನುವ ಅಮೈನೋ ಆಸಿಡ್‌ನಿಂದಲೇ ಶುರು ಮಾಡುತ್ತವೆ. ರೆಟಿಕ್ಯುಲಿನ್ ಅನ್ನುವ ವಸ್ತುವಿನ ತನಕ ಎರಡರದ್ದೂ ಒಂದೇ ದಾರಿ. ಅಲ್ಲಿಂದ ಅಫೀಮಿನ ಗಿಡ ಮಾರ್ಫಿನ್ ಕಡೆಗೂ ಒಂದು ದಾರಿ ಮಾಡಿಕೊಂಡಿದೆ. ನಮ್ಮ ಗಿಡಕ್ಕೆ ಆ ದಾರಿ ಇಲ್ಲ. ಅದು ರೆಟಿಕ್ಯುಲಿನ್‌ನಿಂದ ಸ್ಕೌಲೆರಿನ್ ಮಾಡುತ್ತದೆ. ಸ್ಕೌಲೆರಿನ್‌ನಿಂದ ಮತ್ತೆ ಎರಡು ಕವಲು. ಒಂದು ಬರ್ಬರೀನ್‌ಗೆ. ಇನ್ನೊಂದು ಪ್ರೋಟೋಪಿನ್ ಹಾದು ಸ್ಯಾಂಗ್ವಿನರೀನ್‌ಗೆ. ಈ ಪ್ರಕರಣದಲ್ಲಿ ಬರುವವರೆಲ್ಲ ಈ ಮೂವರೇ. ಹೆಸರು ನೆನಪಿರಲಿ.

ಗಿಡವನ್ನು ಹೂವು, ಕಾಯಿ, ಬೇರು ಸಮೇತ ಒತ್ತಿ ಒಣಗಿಸಿ, ಸಸ್ಯಶಾಸ್ತ್ರದವರ ಹತ್ತಿರ ಗುರುತು ಮಾಡಿಸಿದೆವು. ಇದನ್ನು ಬಿಡಬಾರದು. ಆರ್ಜಿಮೋನ್ ಓಕ್ರೊಲ್ಯೂಕಾ ಅನ್ನುವ ಇನ್ನೊಂದು ಜಾತಿ ಇದೆ, ಅದರ ಹೂವಿನ ಹಳದಿ ಇನ್ನೂ ತಿಳಿ. ಒಣಗಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಮೊದಲ ಸಲ ಮಾಡಿದ್ದು

ಬೇರನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿದಳು. ಪುಡಿ ಮಾಡುವಾಗ ಮಾಸ್ಕ್ ಹಾಕಿಕೊಳ್ಳಲೇಬೇಕು. ಸ್ಯಾಂಗ್ವಿನರೀನ್ ಇರುವ ದೂಳು ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. 100 ಗ್ರಾಂ ಪುಡಿಯ ಜಿಡ್ಡನ್ನು ಪೆಟ್ರೋಲಿಯಂ ಈಥರ್‌ನಲ್ಲಿ ತೆಗೆದು, ಮೆಥನಾಲ್‌ನಲ್ಲಿ ಮೂರು ದಿನ ನೆನೆಸಿಟ್ಟಳು. ಸೋಸಿ, ಮೆಥನಾಲ್ ಆವಿ ಮಾಡಿ, ಉಳಿದ ಅಂಟನ್ನು 2% ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿದಳು. ಮತ್ತೆ ಸೋಸಿ, ಅಮೋನಿಯಾ ಹಾಕಿ ಪ್ರತ್ಯಾಮ್ಲದ ಕಡೆಗೆ, ಪಿಎಚ್ 9-10ರ ನಡುವೆ ತಂದು, ಸೆಪರೇಟಿಂಗ್ ಫನೆಲ್‌ನಲ್ಲಿ ಮೂರು ಸಲ ಕ್ಲೋರೋಫಾರ್ಮ್ ಜೊತೆ ಕುಲುಕಿದಳು. ಕೆಳಗಿನ ಕ್ಲೋರೋಫಾರ್ಮ್ ಪದರ ಇಟ್ಟುಕೊಂಡಳು. ಮೇಲಿನ ನೀರನ್ನು ಚೆಲ್ಲಲು ಅಂತ ಪಕ್ಕಕ್ಕಿಟ್ಟಳು.

ಆಲ್ಕಲಾಯ್ಡ್ ತೆಗೆಯುವ ಈ ದಾರಿ ನಾನೇ ಹೇಳಿಕೊಟ್ಟದ್ದು. ವರ್ಷಗಟ್ಟಲೆ ಕಾಸರಕದ ಬೀಜಕ್ಕೆ ಇದನ್ನೇ ಹೇಳಿಕೊಡುತ್ತಾ ಬಂದಿದ್ದೇನೆ. ಅಲ್ಲಿ ಯಾವತ್ತೂ ಕೈಕೊಟ್ಟಿಲ್ಲ. ಬೇರೆ ಗಿಡಕ್ಕೆ ಹೇಳುವಾಗ ಒಂದು ನಿಮಿಷ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಆ ಮಟ್ಟಿಗೆ ಈ ಪ್ರಕರಣದ ಮೊದಲ ತಪ್ಪು ನನ್ನದು.

ಕ್ಲೋರೋಫಾರ್ಮ್ ಪದರಕ್ಕೆ ಬಣ್ಣವೇ ಇರಲಿಲ್ಲ ಅನ್ನಬಹುದು. ಆವಿ ಮಾಡಿದಾಗ ಬಿಳಿ ಬಿಳಿ ಉಳಿಕೆ. ಡ್ರಾಗೆನ್‌ಡಾರ್ಫ್ ದ್ರಾವಣ ಹಾಕಿದರೆ ಕಿತ್ತಳೆ ಬಣ್ಣ ಬಂತು, ಅಂದರೆ ಆಲ್ಕಲಾಯ್ಡ್ ಇದೆ. ಟಿಎಲ್‌ಸಿ (ಮಿಶ್ರಣದಲ್ಲಿರುವ ವಸ್ತುಗಳನ್ನು ತೆಳು ಪದರದ ಮೇಲೆ ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ವಿಧಾನ) ಪ್ಲೇಟಿನಲ್ಲಿ ಶುದ್ಧ ಬರ್ಬರೀನ್ ಪಕ್ಕದಲ್ಲಿಟ್ಟು ಓಡಿಸಿದಳು. ಬರ್ಬರೀನ್ ಇರಬೇಕಾದ ಜಾಗದಲ್ಲಿ ಒರೆಸಿದಂಥ ಒಂದು ಮಸುಕು ಗೆರೆ ಬಿಟ್ಟರೆ ಏನೂ ಇಲ್ಲ. ಹಾಗಾಗಿ ಆ ಸಾಲು: ಬರ್ಬರೀನ್ ಕಂಡುಬಂದಿಲ್ಲ.

ನಾನು ಕರಡು ಕೆಳಗಿಟ್ಟು ಕೇಳಿದೆ: “ಮ್ಯಾಲಿನ ನೀರು ಯಾವ ಬಣ್ಣ ಇತ್ತು?”

“ಗಾಢ ಹಳದಿ ಇತ್ರಿ ಸರ್.”

“ಚೆಲ್ಲಿಬಿಟ್ಟೀಯೇನು?”

“ಮೊದಲನೇದ್ದು ಚೆಲ್ಲೇನ್ರಿ. ಎರಡನೇದ್ದು ವೇಸ್ಟ್ ಬಾಟ್ಲ್ಯಾಗ ಐತ್ರಿ, ಇನ್ನೂ ಒಯ್ದಿಲ್ರಿ.”

ಹೋಗಿ ನೋಡಿದೆವು. ಬೆಳಕಿಗೆ ಹಿಡಿದರೆ ಬಾಟಲಿ ತುಂಬಾ ಅರಿಸಿನದ ನೀರು.

5 ಮಿಲಿಗ್ರಾಂ ಹೇಳಿದ್ದು

ಬಾಟಲಿ ನೋಡಿದ ಕೂಡಲೇ ನನಗೆ ಕಾರಣ ಹೊಳೆಯಿತು. ಆದರೆ ನಾನು ಹೇಳಿಬಿಟ್ಟರೆ ಅವಳು ಸುಮ್ನೆ ನಂಬುತ್ತಾಳೆ. ಅದಕ್ಕೆ ಒಂದು ಕೆಲಸ ಹಚ್ಚಿದೆ. ಅಂಗಡಿಯಿಂದ ತಂದ ಶುದ್ಧ ಬರ್ಬರೀನ್ ಕ್ಲೋರೈಡ್ 5 ಮಿಲಿಗ್ರಾಂ ತೆಗೆದುಕೋ. ಗಿಡ ಬೇಡ, ಬೇರು ಬೇಡ. ಅದನ್ನೇ ಆಸಿಡ್ ನೀರಿನಲ್ಲಿ ಕರಗಿಸಿ, ಇದೇ ದಾರಿಯಲ್ಲಿ ಕಳಿಸು. ಎಲ್ಲಿಗೆ ಹೋಗುತ್ತದೆ ನೋಡು.

ಮಧ್ಯಾಹ್ನದೊಳಗೆ ಉತ್ತರ ಬಂತು. ಅಮೋನಿಯಾ ಹಾಕಿ, ಕ್ಲೋರೋಫಾರ್ಮ್ ಹಾಕಿ, ಕುಲುಕಿ ಸ್ಟ್ಯಾಂಡಿಗೆ ಸಿಕ್ಕಿಸಿದ ಫನೆಲ್‌ನ ಮುಂದೆ ಅವಳು ಕೈ ಕಟ್ಟಿಕೊಂಡು ನಿಂತಿದ್ದಳು. ಕೆಳಗಿನ ಪದರಕ್ಕೆ ಒಂಚೂರು ಹಳದಿ ಛಾಯೆ, ಅಷ್ಟೇ. ಬಣ್ಣವೆಲ್ಲ ಮೇಲೆ, ನೀರಿನಲ್ಲೇ ಉಳಿದಿತ್ತು. ಕೈಯಾರೆ ಹಾಕಿದ ಬರ್ಬರೀನೇ ಈ ದಾರಿಯಲ್ಲಿ ಸಿಗುತ್ತಿಲ್ಲ ಅಂದ ಮೇಲೆ, ಬೇರಿನಲ್ಲಿರುವುದು ಹೇಗೆ ಸಿಗಬೇಕು?

ಕಾರಣ ಹೀಗಿದೆ. ಆಲ್ಕಲಾಯ್ಡುಗಳಲ್ಲಿ ಹೆಚ್ಚಿನವು ಆಸಿಡ್ ಸಿಕ್ಕಾಗ ತಮ್ಮ ನೈಟ್ರೋಜನ್ ಮೇಲೆ ಒಂದು ಪ್ರೋಟಾನ್ ಹೊತ್ತುಕೊಳ್ಳುತ್ತವೆ. ಆಗ ಚಾರ್ಜ್ ಬರುತ್ತದೆ, ನೀರಿನಲ್ಲಿ ಕರಗುತ್ತವೆ. ಅಮೋನಿಯಾ ಬಂದು ಆ ಪ್ರೋಟಾನ್ ಇಳಿಸಿಕೊಂಡರೆ ಚಾರ್ಜ್ ಹೋಗುತ್ತದೆ. ನೀರು ಬಿಟ್ಟು ಕ್ಲೋರೋಫಾರ್ಮಿಗೆ ಇಳಿಯುತ್ತವೆ. ಕಾಸರಕದ ಸ್ಟ್ರಿಕ್ನಿನ್ ಹೀಗೇ ಬರುತ್ತದೆ. ಅರಿಸಿನ ಉಮ್ಮತ್ತಿಯ ಪ್ರೋಟೋಪಿನ್ ಕೂಡ ಹೀಗೇ ಬಂದು ಆ ಬಿಳಿ ಉಳಿಕೆಯಲ್ಲಿ ಕೂತಿತ್ತು. ಡ್ರಾಗೆನ್‌ಡಾರ್ಫ್ ಕಿತ್ತಳೆ ಆಗಿದ್ದಕ್ಕೆ ಮುಖ್ಯವಾಗಿ ಅದೇ ಕಾರಣ.

ಬರ್ಬರೀನ್ ಹಾಗಲ್ಲ. ಅದರ ನೈಟ್ರೋಜನ್ನಿನ ನಾಲ್ಕೂ ಬಂಧ ಕಾರ್ಬನ್ ಜೊತೆ ಕಟ್ಟಿಕೊಂಡಿವೆ. ಚಾರ್ಜ್ ಅದರ ಮೈಯಲ್ಲೇ ಇದೆ. ಇಳಿಸಿಕೊಳ್ಳಲು ಅಲ್ಲಿ ಪ್ರೋಟಾನೇ ಇಲ್ಲ. ಅಮೋನಿಯಾ ಎಷ್ಟು ಸುರಿದರೂ ಅದರ ಬಹುಪಾಲು ನೀರು ಬಿಟ್ಟು ಏಳುವುದಿಲ್ಲ. ಇಂಥವಕ್ಕೆ ಕ್ವಾಟರ್ನರಿ ಆಲ್ಕಲಾಯ್ಡ್ ಅಂತ ಹೆಸರು. ಪುಸ್ತಕದಲ್ಲಿ ಇದು ಒಂದೇ ಸಾಲು. ಆ ಫನೆಲ್ ಮುಂದೆ ನಿಂತು ನೋಡಿದವರಿಗೆ ಮರೆಯುವುದಿಲ್ಲ.

ವೇಸ್ಟ್ ಬಾಟಲಿಯ ನೀರನ್ನು ಬಿಸಿನೀರ ಬಾತ್ ಮೇಲೆ ಇಟ್ಟು ಆವಿ ಮಾಡಿ ಕಡಿಮೆ ಮಾಡಿದೆವು. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ, ಒಂದಿಷ್ಟು ಉಪ್ಪೂ ಹಾಕಿ, ರಾತ್ರಿ ಫ್ರಿಜ್ಜಿನಲ್ಲಿಟ್ಟೆವು. ಬರ್ಬರೀನ್ ಕ್ಲೋರೈಡ್ ತಣ್ಣೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಬೆಳಿಗ್ಗೆ ತಳದಲ್ಲಿ ಹಳದಿ ಗಸಿ. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಮತ್ತೆ ಆರಲು ಬಿಟ್ಟಾಗ ಕೂದಲಿಗಿಂತ ಸಣ್ಣ ಹಳದಿ ಸೂಜಿಗಳು ಒಂದರ ಮೇಲೊಂದು ಬೆಳೆದವು. ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅಂತ ತೋರಿಸುವ ಸ್ಪೆಕ್ಟ್ರಮ್ ತೆಗೆದರೆ 228, 264, 345, 421 ನ್ಯಾನೊಮೀಟರ್ ಆಸುಪಾಸಿನ ಬರ್ಬರೀನ್ ಶಿಖರಗಳು ಶುದ್ಧ ಮಾದರಿಯ ಶಿಖರಗಳ ಮೇಲೆ ಸರಿಯಾಗಿ ಕೂತವು.

ಕತ್ತಲ ಕೋಣೆ

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಸ್ಯಾಂಗ್ವಿನರೀನ್ ಲವಣಕ್ಕೆ ಕೆಂಪು ಬಣ್ಣ. ಕ್ಲೋರೋಫಾರ್ಮಿನಲ್ಲಿ ಕೆಂಪೂ ಇರಲಿಲ್ಲ, ಕಿತ್ತಳೆಯೂ ಇರಲಿಲ್ಲ. ಅದೂ ನೀರಿನಲ್ಲೇ ಉಳಿಯಿತಾ?

ಅವಳು ಉಳಿದ ಕ್ಲೋರೋಫಾರ್ಮ್ ಪದರದಿಂದ ಒಂದು ಹನಿಯನ್ನು ಫಿಲ್ಟರ್ ಪೇಪರಿನ ಮೇಲೆ ಬಿಟ್ಟಳು. ಒಣಗಿತು. ಕಲೆ ಎಲ್ಲಿದೆ ಅಂತಲೂ ಗೊತ್ತಾಗಲಿಲ್ಲ. ಫ್ಯೂಮ್ ಹುಡ್ ಒಳಗೆ ಹೈಡ್ರೋಕ್ಲೋರಿಕ್ ಆಸಿಡ್ ಬಾಟಲಿಯ ಮುಚ್ಚಳ ತೆಗೆದು, ಕಾಗದವನ್ನು ಚಿಮಟದಲ್ಲಿ ಹಿಡಿದು ಹೊಗೆಗೆ ತೋರಿಸಿದಳು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಅಂಚಿನಿಂದ ಕಿತ್ತಳೆ ಬಣ್ಣ ಎದ್ದಿತು. ರೂಪಾಯಿ ಅಗಲದ ಒಂದು ಕಲೆ. ಅಮೋನಿಯಾ ಬಾಟಲಿಗೆ ತೋರಿಸಿದರೆ ಮಾಯ. ಮತ್ತೆ ಆಸಿಡ್‌ಗೆ ತೋರಿಸಿದರೆ ಪ್ರತ್ಯಕ್ಷ. ಅವಳು ನಾಲ್ಕು ಸಲ ಮಾಡಿದಳು. ನಾನೂ ಎರಡು ಸಲ ಮಾಡಿದೆ.

ಸ್ಯಾಂಗ್ವಿನರೀನ್ ಕೂಡ ಚಾರ್ಜ್ ಹೊತ್ತದ್ದೇ. ಆದರೆ ಅಮೋನಿಯಾ ಹಾಕಿದ ನೀರಿನಲ್ಲಿ ಅದು ಒಂದು ಹೈಡ್ರಾಕ್ಸಿಲ್ ಹಿಡಿದುಕೊಂಡು ಬಣ್ಣ ಕಳೆದುಕೊಳ್ಳುತ್ತದೆ. ಸ್ಯೂಡೋಬೇಸ್ ಅನ್ನುವ ರೂಪ ಇದು. ಚಾರ್ಜೂ ಹೋಗುವುದರಿಂದ ಕ್ಲೋರೋಫಾರ್ಮಿಗೆ ಇಳಿಯುತ್ತದೆ. ಅಂದರೆ ಬಣ್ಣ ನೋಡಿ ‘ಇಲ್ಲ’ ಅಂದುಕೊಂಡ ಪದರದಲ್ಲಿ ಸ್ಯಾಂಗ್ವಿನರೀನ್ ಇತ್ತು. ಬಣ್ಣ ಇದ್ದ ಪದರವನ್ನು ನಾವು ಚೆಲ್ಲುತ್ತಿದ್ದೆವು.

ಕತ್ತಲ ಕೋಣೆಯಲ್ಲಿ ಯುವಿ ಕನ್ನಡಕ ಹಾಕಿಕೊಂಡು 366 ನ್ಯಾನೊಮೀಟರ್ ದೀಪದ ಕೆಳಗೆ ಹೊಸ ಪ್ಲೇಟು ನೋಡಿದೆವು. ಬ್ಯುಟನಾಲ್, ಅಸಿಟಿಕ್ ಆಸಿಡ್, ನೀರು 7:1:2ರಲ್ಲಿ ಓಡಿಸಿದ್ದು. ನೀರಿನ ಪದರದ ಸಾಲಿನಲ್ಲಿ ಬರ್ಬರೀನ್ ಹೊಳೆಯುವ ಹಳದಿ. ಕ್ಲೋರೋಫಾರ್ಮ್ ಸಾಲಿಗೆ ಆಸಿಡ್ ಹೊಗೆ ಕೊಟ್ಟ ಮೇಲೆ ಸ್ಯಾಂಗ್ವಿನರೀನ್ ಕೆಂಡದ ಬಣ್ಣ. ಪ್ರೋಟೋಪಿನ್ ಮಾತ್ರ ಹೊಳೆಯಲೇ ಇಲ್ಲ. ಅದಕ್ಕೆ ಡ್ರಾಗೆನ್‌ಡಾರ್ಫ್ ಸಿಂಪಡಿಸಬೇಕಾಯಿತು.

ಅದೇ ಪ್ಲೇಟಿನಲ್ಲಿ ಒಂದು ಗುರುತಿಲ್ಲದ ಚುಕ್ಕೆಯೂ ಇತ್ತು. ಅಮೋನಿಯಾ ಮತ್ತು ಕ್ಲೋರೋಫಾರ್ಮ್ ಜೊತೆ ರಾತ್ರಿಯಿಡೀ ಉಳಿದಿದ್ದ ಸ್ಯಾಂಪಲ್ಲಿನಲ್ಲಿ ಮಾತ್ರ. “ಹೊಸ ಆಲ್ಕಲಾಯ್ಡ್ ಇರಬಹುದೇನ್ರಿ ಸರ್?” ಅಂತ ಕೇಳಿದಾಗ ಅವಳ ಮುಖ ಅರಳಿತ್ತು. ಬೇಡ ಅಂದೆ. ಪ್ರತ್ಯಾಮ್ಲದಲ್ಲಿ ಬರ್ಬರೀನ್ ಕ್ಲೋರೋಫಾರ್ಮಿನ ಜೊತೆ ಕೂಡಿಕೊಂಡು ಟ್ರೈಕ್ಲೋರೋಮಿಥೈಲ್ ಇರುವ ಒಂದು ವಸ್ತು ಆಗುತ್ತದೆ ಅನ್ನೋದು ಗೊತ್ತಿರುವ ವಿಷಯ. ಮೆಥನಾಲ್ ಕೂಡ ಸ್ಯಾಂಗ್ವಿನರೀನ್‌ಗೆ ಹೀಗೇ ಅಂಟಿಕೊಳ್ಳಬಲ್ಲದು. ಗಿಡದಲ್ಲಿ ಇಲ್ಲದ್ದು ಫ್ಲಾಸ್ಕಿನಲ್ಲಿ ಹುಟ್ಟಬಹುದು. ಮುಂದಿನ ಸಲ ಕ್ಲೋರೋಫಾರ್ಮ್ ಬಿಟ್ಟು ಈಥರ್ ಬಳಸಿ, ರಾತ್ರಿ ಇಡದೆ ಅವತ್ತೇ ಮುಗಿಸಿದಳು. ಆ ಚುಕ್ಕೆ ಬರಲಿಲ್ಲ. ಎಷ್ಟೋ ಹೊಸ ಆಲ್ಕಲಾಯ್ಡ್‌ಗಳ ಹಿಂದೆ ಇಂಥ ಚುಕ್ಕೆಗಳೇ ಇರಬಹುದೇನೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಆಮೇಲೆ ಕಾಂಡ ಮತ್ತು ಎಲೆ ತೆಗೆದುಕೊಂಡೆವು. ಅಲ್ಲಿ ಬರ್ಬರೀನ್ ಸಿಕ್ಕಿತು, ಸ್ಯಾಂಗ್ವಿನರೀನ್ ಸಿಗಲಿಲ್ಲ. ಈ ಸಲ ಅವಳು ನನ್ನನ್ನು ಕೇಳಲಿಲ್ಲ. ತಾನೇ ಎಲೆಯ ರಸಕ್ಕೆ ಗೊತ್ತಿರುವಷ್ಟು ಶುದ್ಧ ಸ್ಯಾಂಗ್ವಿನರೀನ್ ಬೆರೆಸಿ ಅದೇ ದಾರಿಯಲ್ಲಿ ಕಳಿಸಿದಳು. ಬೆರೆಸಿದ್ದು ಪ್ಲೇಟಿನಲ್ಲಿ ಕಂಡಿತು. ಬೆರೆಸದೆ ಇರುವುದರಲ್ಲಿ ಕಾಣಲಿಲ್ಲ. ಆಗ ಬರೆದಳು: “ಎಲೆ ಮತ್ತು ಕಾಂಡದಲ್ಲಿ ಸ್ಯಾಂಗ್ವಿನರೀನ್ ಕಂಡುಬಂದಿಲ್ಲ.” ಮೊದಲಿನ ಸಾಲಿನಂಥದ್ದೇ ಸಾಲು. ಈ ಸಲ ನಾನು ಸಹಿ ಹಾಕಿದೆ. ಬಲಿತ ಗಿಡದಲ್ಲಿ ಸ್ಯಾಂಗ್ವಿನರೀನ್ ಬೇರಿನಲ್ಲೇ ಉಳಿದು, ಬರ್ಬರೀನ್ ಮೇಲೂ ಕೆಳಗೂ ಇರುತ್ತದೆ ಅಂತ ಮೆಕ್ಸಿಕೋದಲ್ಲಿ ಈ ಗಿಡದ ಮೇಲೆ ಕೆಲಸ ಮಾಡಿದವರೂ ಕಂಡಿದ್ದಾರೆ.

ಅಪ್ಪನ ಸಾಸಿವೆ

ಅಷ್ಟರಲ್ಲಿ ಊರಿನಿಂದ ಒಂದು ಪೊಟ್ಟಣ ಬಂತು. ಜೋಳದ ಹೊಲದಲ್ಲಿ ಅಕ್ಕಡಿ ಸಾಲಿಗೆ ಹಾಕಿದ್ದ ಸಾಸಿವೆ. ಬದುವಿನ ಗಿಡದ ಕಾಯಿ ಒಡೆದು ಅದರಲ್ಲಿ ಬಿದ್ದಿರಬಹುದಾ ನೋಡಿ ಹೇಳು ಅಂತ ಅಪ್ಪ ಕಳಿಸಿದ್ದರು. ಗೈಡ್ ಆಗಿ ನನಗೆ ಪ್ರಾಜೆಕ್ಟಿಗಿಂತ ಈ ಪೊಟ್ಟಣವೇ ದೊಡ್ಡದು ಅನ್ನಿಸಿತು.

ಯಾಕಂದರೆ ಈ ಗಿಡದ ಬೀಜ ಸಾಸಿವೆಯ ಹಾಗೇ ಕಾಣುತ್ತದೆ. ಅದರ ಎಣ್ಣೆಯಲ್ಲಿ ಸ್ಯಾಂಗ್ವಿನರೀನ್ ಮತ್ತು ಡೈಹೈಡ್ರೋಸ್ಯಾಂಗ್ವಿನರೀನ್ ಇರುತ್ತವೆ. ಸಾಸಿವೆ ಎಣ್ಣೆಗೆ ಅದು ಸೇರಿದರೆ ಎಪಿಡೆಮಿಕ್ ಡ್ರಾಪ್ಸಿ ಬರುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಸೋರಿ ಎರಡೂ ಕಾಲು ಊದಿಕೊಳ್ಳುತ್ತವೆ, ಚರ್ಮ ಕೆಂಪಾಗುತ್ತದೆ, ಉಸಿರು ಕಟ್ಟುತ್ತದೆ. ಕೆಲವರಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗುತ್ತದೆ. ಹೃದಯ ಸೋತು ಜೀವ ಹೋಗುವುದೂ ಉಂಟು. ಕೋಲ್ಕತ್ತಾದಲ್ಲಿ 1877ರಲ್ಲೇ ಈ ರೋಗ ದಾಖಲಾಗಿತ್ತು. ಕಾರಣ ಈ ಬೀಜದ ಎಣ್ಣೆ ಅಂತ ಸರ್ಕಾರ್ ಅನ್ನುವ ವೈದ್ಯರು ಹೇಳಿದ್ದು 1926ರಲ್ಲಿ. ಇಷ್ಟೆಲ್ಲ ಗೊತ್ತಿದ್ದೂ 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಎಣ್ಣೆಯಿಂದ 60ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆ ಅಡುಗೆಗೆ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಜಾಸ್ತಿ, ನಿಜ. ಆದರೆ ಉತ್ತರದಿಂದ ಹುಬ್ಬಳ್ಳಿಗೆ ದುಡಿಯಲು ಬಂದವರ ಮನೆಯಲ್ಲಿ ಸಾಸಿವೆ ಎಣ್ಣೆಯೇ ನಡೆಯುತ್ತದೆ.

ಸ್ಟೀಲ್ ಗಂಗಾಳದಲ್ಲಿ ಸಾಸಿವೆ ಹರವಿಕೊಂಡು ಕೂತೆವು. ಕೈಯಲ್ಲಿ ಒಂದು ಲೆನ್ಸ್. ಸಾಸಿವೆ ನುಣುಪು, ಅದರ ಕಪ್ಪಿನಲ್ಲಿ ಒಂದು ಕೆಂಪು ಛಾಯೆ ಇರುತ್ತದೆ. ಅರಿಸಿನ ಉಮ್ಮತ್ತಿಯ ಬೀಜ ಅಚ್ಚ ಕಪ್ಪು, ಮೈಯೆಲ್ಲ ಬಲೆ ಹೆಣೆದ ಹಾಗೆ ಒರಟು. ಅನುಮಾನ ಬಂದರೆ ಉಗುರಿನಲ್ಲಿ ಒತ್ತಿ ಒಡೆದು ನೋಡಬೇಕು. ಸಾಸಿವೆಯ ಒಳಗೆ ಹಳದಿ, ಇದರ ಒಳಗೆ ಬಿಳಿ. ಗಿಡ ಪೂರ್ತಿ ಹಳದಿ ಹಾಲು ಇಟ್ಟುಕೊಂಡು ಬೀಜದೊಳಗೆ ಬಿಳಿ ಇರುವುದು ವಿಚಿತ್ರ ಅಲ್ವಾ? ಒಂದು ಹಿಡಿ ಸಾಸಿವೆಯಲ್ಲಿ ಮೂರು ಒರಟು ಬೀಜ ಸಿಕ್ಕವು.

ಊರಿನಿಂದ ತಂದ ಕಾಯಿಗಳ ಬೀಜ ಅರೆದು ಎಣ್ಣೆ ತೆಗೆದು, ಹುಡ್ ಒಳಗೆ ಕಾನ್ಸಂಟ್ರೇಟೆಡ್ ನೈಟ್ರಿಕ್ ಆಸಿಡ್ ಜೊತೆ ನಿಧಾನಕ್ಕೆ ಕುಲುಕಿದಾಗ ಕೆಳಗಿನ ಆಸಿಡ್ ಪದರ ಕೆಂಪು ಕಿತ್ತಳೆ ಆಯಿತು. ಇದು ಒರಟು ಪರೀಕ್ಷೆ, ಬೇರೆ ಎಣ್ಣೆಗಳೂ ಕೆಲವೊಮ್ಮೆ ಬಣ್ಣ ಕೊಟ್ಟು ದಾರಿ ತಪ್ಪಿಸುತ್ತವೆ. ಟಿಎಲ್‌ಸಿಯನ್ನೇ ನಂಬಬೇಕು. ಎಣ್ಣೆಯ ಪ್ಲೇಟನ್ನು ಯುವಿ ಕೆಳಗಿಟ್ಟಾಗ ಡೈಹೈಡ್ರೋಸ್ಯಾಂಗ್ವಿನರೀನ್ ಚುಕ್ಕೆ ಮೊದಲು ನೀಲಿಯಾಗಿ ಹೊಳೆಯಿತು. ದೀಪ ಆರಿಸದೆ ನೋಡುತ್ತಾ ಇದ್ದೆವು. ನೋಡುತ್ತಾ ಇದ್ದ ಹಾಗೇ ಅದು ಗಾಳಿ, ಬೆಳಕಿಗೆ ಮಾರ್ಪಟ್ಟು ಸ್ಯಾಂಗ್ವಿನರೀನ್ ಆಗಿ ಕಿತ್ತಳೆಗೆ ತಿರುಗಿತು.

ಅವಳು ಅಲ್ಲಿಂದಲೇ ಅಪ್ಪನಿಗೆ ಫೋನ್ ಹಚ್ಚಿದಳು. “ಅಪ್ಪಾ, ಆ ಸಾಸಿವಿ ಗಾಣಕ್ಕ ಕೊಡಬ್ಯಾಡ. ಒಗ್ಗರಣಿಗೂ ಬ್ಯಾಡ. ಆಯಿಗೆ ಹೇಳು, ಇನ್ನಮ್ಯಾಲೆ ಅದರ ಹಾಲು ಕಣ್ಣಿಗೆ ಹಾಕ್ಕೋಬಾರದು.” ಕಣ್ಣು ಕೆಂಪಾದಾಗ ಈ ಗಿಡದ ಹಾಲು ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ಅವಳ ಅಜ್ಜಿಯೂ ಹಚ್ಚಿಕೊಳ್ಳುತ್ತಿದ್ದರಂತೆ. ಔಷಧದ ಗುಣ ಗಿಡದಲ್ಲಿ ಇಲ್ಲ ಅಂತಲ್ಲ. ಆಫ್ರಿಕಾದ ಮಾಲಿ ದೇಶದಲ್ಲಿ ಇದರ ಕಷಾಯವನ್ನು ಮಲೇರಿಯಾ ರೋಗಿಗಳ ಮೇಲೆ ವೈದ್ಯರು ಕ್ರಮವಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅದು ಬೇರೆ, ಅಳತೆ ಇಲ್ಲದ ಹಾಲನ್ನು ಕಣ್ಣಿಗೆ ಬಿಟ್ಟುಕೊಳ್ಳುವುದು ಬೇರೆ.

ವರದಿ ಹೊಸದಾಗಿ ಬರೆದಳು. ಹಳೆಯ ಫಲಿತಾಂಶವನ್ನು ತೆಗೆದುಹಾಕಬೇಡ ಅಂದೆ. ಯಾವ ದಾರಿಯಲ್ಲಿ ಹೋದಾಗ ಬರ್ಬರೀನ್ ಸಿಗಲಿಲ್ಲ, ಯಾಕೆ ಸಿಗಲಿಲ್ಲ ಅನ್ನುವುದು ಈಗ ಒಂದು ಪೂರ್ತಿ ಅಧ್ಯಾಯ. ನಮ್ಮ ಪ್ರಾಕ್ಟಿಕಲ್ ಹಾಳೆಯಲ್ಲೂ ಒಂದು ಸಾಲು ಸೇರಿಸಿದ್ದೇನೆ: ಪ್ಲೇಟು ನೋಡುವ ತನಕ ಯಾವ ಪದರವನ್ನೂ ಚೆಲ್ಲಬಾರದು.

ಈ ವರ್ಷ ಕಾಯಿ ಬಲಿಯುವ ಮೊದಲೇ ಅವರ ಅಪ್ಪ ಬದುವಿನ ಗಿಡವನ್ನೆಲ್ಲ ಕಿತ್ತಿದ್ದಾರೆ. ಹನ್ನೆರಡು ಬೇರು ಹಳೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿದರು. ಲ್ಯಾಬಿನ ಹಿಂದಿನ ಕೋಣೆಯಲ್ಲಿ ಪೇಪರಿನ ಮೇಲೆ ಒಣಗುತ್ತಿವೆ. ಮುಂದಿನ ಬ್ಯಾಚಿನ ಇಬ್ಬರು ಹುಡುಗರಿಗೆ ಅವನ್ನು ಕೊಟ್ಟಿದ್ದೇವೆ.